ಆತಕೂರಿನ ಕಲ್ಲು: ಸ್ಮರಣೆ ಮತ್ತು ಸ್ಥಳ

ಸ್ಮಾರಕ ಶಿಲೆಗಳನ್ನು ರಾಜಕೀಯ ಇತಿಹಾಸದ ಆಕರಗಳನ್ನಾಗಿ ಮಾತ್ರ ಓದುವ ಪರಿಪಾಠ ನಮ್ಮಲ್ಲಿ ಬಲವಾಗಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕ್ರಿ.ಶ. 949-50ರ ಶಾಸನ ಇದಕ್ಕೊಂದು ನಿದರ್ಶನ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಗಂಗ ಇಮ್ಮಡಿ ಬೂತುಗನು ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಇದರಲ್ಲಿರುವುದರಿಂದ ಚರಿತ್ರಕಾರರು ಇದನ್ನು ಮತ್ತೆ ಮತ್ತೆ ಉಲ್ಲೇಖಿಸಿದ್ದಾರೆ. ಆದರೆ ಕಲ್ಲು ನೆಟ್ಟದ್ದು ಆ ಗೆಲುವಿಗಾಗಿ ಅಲ್ಲ.

ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನು, ಬೇಡಿದ್ದನ್ನು ಕೊಡುವೆನೆಂದ ಬೂತುಗನಿಂದ ಕಾಳಿಯೆಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಅದು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಕಲ್ಲಿನ ಉಬ್ಬುಶಿಲ್ಪ ಈ ಕಾದಾಟದ್ದೇ. ರಾಜಾದಿತ್ಯನಿಗೆ ಅಲ್ಲಿ ಜಾಗವಿಲ್ಲ.

ಇದನ್ನು ‘ನಾಯಿಯ ಶಾಸನ’ವೆಂದು ಮೆಚ್ಚುವ ಜನಪ್ರಿಯ ಕುತೂಹಲವೂ ಅರೆಬರೆಯಾದುದೇ. ಚಲ್ಲೇಶ್ವರನ ಮುಂದೆ ಕಲ್ಲನ್ನು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಭೂಮಿ ಬಿಡಲಾಯಿತು. ಆ ಸ್ಥಾನವನ್ನಾಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನದಾಗುತ್ತದೆಂದು ಶಾಸನ ಕಟ್ಟಳೆ ಮಾಡುತ್ತದೆ. ಎಂದರೆ, ಸ್ಮರಣೆಗೆ ಮಣಲೆರನ ಪ್ರೀತಿಯೊಂದೇ ಆಸರೆಯಾಗಿರಲಿಲ್ಲ; ಕೆರೆ, ಗುಡಿ, ಒಬ್ಬ ಪೂಜಾರಿಯ ದಿನದ ಊಟ ಅದರ ಹೊಣೆ ಹೊತ್ತಿದ್ದವು.

ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದ್ದರಿಂದ ಅಕ್ಷರಗಳಿಗೆ ರಕ್ಷಣೆ ದೊರೆಯಿತು. ಇದು ಸಣ್ಣ ಲಾಭವಲ್ಲ. ಆದರೆ ಪೂಜೆಯ ವಿಧಿಗೆ ಆಧಾರವಾಗಿದ್ದ ನೆಲ ಊರಿನಲ್ಲೇ ಉಳಿಯಿತು. ನಾಡಿನ ಪರಂಪರೆಯನ್ನು ಪಟ್ಟಿ ಮಾಡುವವರಿಗೆ ಆತಕೂರು ‘ದೊರೆತ ಸ್ಥಳ’ವೆಂಬ ಒಂದು ಕಲಮು ಮಾತ್ರ. ಶಾಸನದ ದತ್ತಿಭಾಗವನ್ನು ಆ ಊರಿನ ಕೆರೆ, ಗುಡಿ, ಹೊಲಗಳ ನಡುವೆ ಇಟ್ಟು ಓದುವ ಕ್ಷೇತ್ರಕಾರ್ಯ ಮೊದಲು ನಡೆಯಬೇಕು. ತಕ್ಕೋಲದ ಚರ್ಚೆ ಅದಕ್ಕಾಗಿ ಸ್ವಲ್ಪ ಕಾಯಬಹುದು.