ಪ್ರಶ್ನೆಗಳಿಲ್ಲದ ಸಂದರ್ಶನ

ಅಮೆರಿಕದ ಲೇಖಿಕೆ ಟೇಲರ್ ಜೆಂಕಿನ್ಸ್ ರೀಡ್ ಅವರು 2019ರಲ್ಲಿ ಪ್ರಕಟಿಸಿದ ‘ಡೇಸಿ ಜೋನ್ಸ್ ಅಂಡ್ ದ ಸಿಕ್ಸ್’ ಕಾದಂಬರಿಯನ್ನು ರಾಕ್ ಗಾಯಕರ ಪ್ರಣಯಕಥೆಯೆಂದಷ್ಟೇ ಓದಿ ಮುಗಿಸಿದರೆ, ಅದರ ಗುಣವೂ ದೋಷವೂ ಅಡಗಿರುವ ಮರ್ಮಸ್ಥಾನವನ್ನೇ ಕಾಣದೆ ಹೋದಂತಾಗುವುದು. 1970ರ ದಶಕದಲ್ಲಿ ಲಾಸ್ ಏಂಜಲೀಸಿನಲ್ಲಿ ಕೀರ್ತಿಶಿಖರವನ್ನೇರಿ, 1979ರ ಜುಲೈ 12ರಂದು ಚಿಕಾಗೋದಲ್ಲಿ ಕಡೆಯ ಕಛೇರಿ ಮುಗಿಸಿ ಚದುರಿಹೋದ ಕಲ್ಪಿತ ವಾದ್ಯತಂಡವೊಂದರ ಚರಿತ್ರೆಯನ್ನು, ಅದರ ಸದಸ್ಯರೂ ಆಪ್ತರೂ ದಶಕಗಳ ತರುವಾಯ ಕೊಟ್ಟ ಸಂದರ್ಶನಗಳ ತುಣುಕುಗಳಿಂದಲೇ ಲೇಖಿಕೆ ಹೆಣೆದಿರುವರು. ಅಲ್ಲಿ ಬಹುಮಟ್ಟಿಗೆ ಪ್ರಶ್ನೆಗಳಿಲ್ಲ, ಉತ್ತರಗಳು ಮಾತ್ರ ಉಂಟು. ಒಂದೇ ಸಂಗತಿಯನ್ನು ಇಬ್ಬರು ಎರಡು ಬಗೆಯಾಗಿ ನೆನೆಯುವಾಗ ಹುಟ್ಟುವ ಹಾಸ್ಯವು ಈ ತಂತ್ರದ ಸಹಜಫಲ.

ಮದ್ಯ ಮತ್ತು ಮಾದಕಗಳ ವ್ಯಸನದಿಂದ ಪ್ರಯಾಸಪಟ್ಟು ಪಾರಾದ, ವಿವಾಹಿತನೂ ಆದ ತಂಡದ ಗಾಯಕ ಬಿಲ್ಲಿ ಡನ್ನನಿಗೂ, ಅದೇ ವ್ಯಸನದಲ್ಲಿ ಮುಳುಗಿರುವ ಸಹಗಾಯಕಿ ಡೇಸಿಗೂ ಅಂಕುರಿಸಿದ ಅನುರಾಗವು ಹಾಡಿನಲ್ಲಲ್ಲದೆ ಬೇರೆಲ್ಲಿಯೂ ಕೈಗೂಡದು. ಆಲಂಕಾರಿಕನಾದ ಧನಂಜಯನು ದಶರೂಪಕದಲ್ಲಿ ಅಯೋಗವೆಂದು ಹೆಸರಿಸಿದ, ಪ್ರೇಮಿಗಳಿಗೆ ಕೂಡಿಕೆಯೇ ಒದಗದ ಶೃಂಗಾರಕ್ಕೆ ಸಮೀಪವಾದ ಈ ಭಾವವನ್ನು ಲೇಖಿಕೆ ಸಂಯಮದಿಂದ ನಿರ್ವಹಿಸಿರುವರು. ಬಿಲ್ಲಿಯ ಪತ್ನಿ ಕಮೀಲಾ, ಎಲ್ಲವನ್ನೂ ಅರಿತೂ ದೈನ್ಯಕ್ಕಿಳಿಯದೆ, ಡೇಸಿಯ ಮುಂದೆ ಕುಳಿತು ತಂಡವನ್ನು ಬಿಟ್ಟುಹೋಗೆಂದು ಕರುಣೆಯಿಂದಲೇ ಹೇಳುವ ಪ್ರಸಂಗವು ಕೃತಿಯಲ್ಲೆಲ್ಲ ಶ್ರೇಷ್ಠವಾದುದು. ಹಾಡುಗಳ ಮಾತು ಬೇರೆ. ಅವು ಅದ್ಭುತವೆಂದು ಎಲ್ಲ ಪಾತ್ರಗಳೂ ಸಾರುತ್ತಿದ್ದರೂ, ಗ್ರಂಥಾಂತ್ಯದಲ್ಲಿ ಮುದ್ರಿತವಾದ ಸಾಹಿತ್ಯವು ಆ ಮಾತನ್ನು ಸಮರ್ಥಿಸದು. ಕಿವಿಗೆ ಕೇಳುವ ಹಾಡುಗಳು ದೊರೆತುದು ಈ ಕಾದಂಬರಿಯನ್ನಾಧರಿಸಿದ 2023ರ ಕಿರುತೆರೆಯ ಧಾರಾವಾಹಿಯಲ್ಲಿ.

ಇನ್ನು ಪತ್ರಕರ್ತರ ವಿಚಾರ. ಗುಟ್ಟನ್ನೊಡೆಯದೆ ಇದನ್ನು ಚರ್ಚಿಸುವುದು ಅಸಾಧ್ಯ. ಇನ್ನೂ ಓದದವರು ಮನ್ನಿಸಬೇಕು. ಕಥೆಯೊಳಗೆ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಜೋನಾ ಬರ್ಗ್ ಎಂಬವನು ಬಂದು, ಡೇಸಿಯ ಕೋಪವನ್ನೇ ಸುದ್ದಿಯಾಗಿಸಿಕೊಂಡು ಹೋಗುವನು. ಅವನು ಕಣ್ಣಿಗೆ ಕಾಣುವ ಪತ್ರಕರ್ತ. ಈ ಸಂದರ್ಶನಗಳನ್ನೆಲ್ಲ ನಡೆಸಿದ, ಕಣ್ಣಿಗೆ ಕಾಣದ ಪತ್ರಕರ್ತೆ ಬಿಲ್ಲಿ ಮತ್ತು ಕಮೀಲಾರ ಮಗಳಾದ ಜೂಲಿಯಾ ಎಂಬುದು ಕೃತಿ ಮುಗಿಯುವ ಹೊತ್ತಿಗೆ ತಿಳಿಯುವುದು. ತಂದೆಯು ಪರಸ್ತ್ರೀಯನ್ನು ಪ್ರೀತಿಸಿದ ಬಗೆಯನ್ನು ಮಗಳೇ ಕೇಳಿ ಬರೆದುಕೊಂಡಳೆಂದ ಮೇಲೆ, ಬಿಲ್ಲಿಯ ಒಂದೊಂದು ತಡವರಿಕೆಗೂ ಹೊಸ ಅರ್ಥವುಂಟಾಗಬೇಕಾದುದೇ ಸರಿ. ಆದರೆ ಕೇಳಿದವಳ ಮನಸ್ಸು ಎಲ್ಲಿ ನೊಂದಿತು, ಯಾವ ಮಾತನ್ನು ಆಕೆ ಕತ್ತರಿಸಿದಳು, ಯಾವುದನ್ನು ಕೇಳಲಂಜಿದಳು ಎಂಬುದಕ್ಕೆ ಪುಟಗಳಲ್ಲಿ ಕುರುಹೇ ಇಲ್ಲದಿರುವುದರಿಂದ, ಧ್ವನಿಯಾಗಬಹುದಾಗಿದ್ದುದು ಬರಿಯ ಚಮತ್ಕಾರದಲ್ಲಿ ಪರ್ಯವಸಾನಗೊಂಡಿದೆ.

ಇದೇ ಸಂದರ್ಶನರೂಪದಲ್ಲಿ ಡಾನಿ ವಾಲ್ಟನ್ ಅವರು 2021ರಲ್ಲಿ ಪ್ರಕಟಿಸಿದ ‘ದ ಫೈನಲ್ ರಿವೈವಲ್ ಆಫ್ ಓಪಲ್ ಅಂಡ್ ನೆವ್’ ಕಾದಂಬರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಈ ಕೊರತೆಯು ಸ್ಪಷ್ಟವಾಗುವುದು. ಅಲ್ಲಿನ ಪತ್ರಕರ್ತೆ ಸನ್ನಿ, ಕಛೇರಿಯೊಂದರ ಗಲಭೆಯಲ್ಲಿ ಹತನಾದ ಡ್ರಮ್‌ವಾದಕನೇ ತನ್ನ ತಂದೆಯೆಂದೂ, ತಾನು ಸಂದರ್ಶಿಸುತ್ತಿರುವ ಗಾಯಕಿಯೇ ಅವನ ಪ್ರೇಯಸಿಯಾಗಿದ್ದಳೆಂದೂ ಆರಂಭದಲ್ಲಿಯೇ ಸಾರಿಬಿಡುವಳು. ಗುಟ್ಟಿಲ್ಲದ ಕಾರಣ ಬೆರಗು ಕಡಮೆ. ಆದರೆ ಒಂದೊಂದು ಪ್ರಶ್ನೆಯಲ್ಲಿಯೂ ಮಗಳ ವೇದನೆಯು, ವೃತ್ತಿಧರ್ಮದೊಡನೆ ಅದು ನಡೆಸುವ ಕಲಹವು, ಓದುಗನಿಗೆ ಪ್ರತ್ಯಕ್ಷವಾಗುವುದು. ರೀಡ್ ಅವರ ಕೃತಿಯು ಒಂದು ಸಂಜೆಯಲ್ಲಿ ಸಲೀಸಾಗಿ ಓದಿಸಿಕೊಳ್ಳುವಂಥದು, ನಿಜ. ಎರಡರಲ್ಲಿ ಒಂದಕ್ಕೇ ವ್ಯವಧಾನವಿರುವವರು ವಾಲ್ಟನ್ ಅವರದನ್ನೇ ಓದಲಿ.