ಕೃಷ್ಣೆಯ ಹರಿಗೋಲು
ವಿಜಯಪುರ ಜಿಲ್ಲೆ ಎಂದರೆ ಬಿಸಿಲು, ಬಿಳಿಜೋಳ, ಇಂಡಿಯ ಲಿಂಬೆ. ಮೀನುಗಾರರ ನೆನಪು ಯಾರಿಗೂ ಬರುವುದಿಲ್ಲ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದ ಕೊಲ್ಹಾರದ ಕಡೆ ಹೋಗಿ ನೋಡಬೇಕು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ, ಕೃಷ್ಣೆಯ ಆಲಮಟ್ಟಿ ಜಲಾಶಯದ ಹಿನ್ನೀರು ಅಲ್ಲಿ ಸಮುದ್ರದ ಹಾಗೆ ಹರಡಿದೆ. ಹಳೆಯ ಊರನ್ನು ನುಂಗಿದ್ದೂ ಅದೇ ನೀರು.

ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಮೀನುಗಾರರು ತಮ್ಮ ಹರಿಗೋಲುಗಳನ್ನು ದಂಡೆಗೆ ಎಳೆದು ಬೋರಲು ಹಾಕುತ್ತಾರೆ. ಆಗಲೇ ಅವುಗಳ ಕಸುಬುಗಾರಿಕೆ ಕಾಣುವುದು. ಸೀಳಿದ ಬಿದಿರಿನ ದಬ್ಬೆಗಳು ನಡುವೆ ಒಂದರ ಮೇಲೊಂದು ಹಾಯ್ದು, ಬಾಗಿ ಮೇಲೆದ್ದು, ದಪ್ಪ ಅಂಚಿನ ಕಟ್ಟಿನಲ್ಲಿ ಸೇರಿಕೊಳ್ಳುತ್ತವೆ. ಒಂದೂ ಮೊಳೆಯಿಲ್ಲ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಂಥ ದುಂಡು ದೋಣಿಗಳಿಗೆ ತೊಗಲು ಹೊದಿಸಿದ್ದನ್ನು ಕಂಡು ಬರೆದಿದ್ದಾನೆ. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಫೈಬರ್ ಹರಿಗೋಲೂ ಬಂದಿದೆ. ಬಾಳಿಕೆ ಜಾಸ್ತಿ, ಚೆಲುವು ಕಡಿಮೆ ಎಂಬುದು ನನ್ನ ತಕರಾರು.

ಹರಿಗೋಲಿಗೆ ಹಿಂದು ಮುಂದು ಎಂಬುದಿಲ್ಲ. ಹೊಸಬರು ಹುಟ್ಟು ಹಾಕಿದರೆ ಇದ್ದಲ್ಲೇ ಗಿರಕಿ ಹೊಡೆಯುತ್ತದೆ. ಬಲ್ಲವರು ಮುಂದಿನ ನೀರನ್ನೇ ತಮ್ಮತ್ತ ಎಳೆದುಕೊಳ್ಳುತ್ತ ನೇರ ಹೋಗುತ್ತಾರೆ, ಒಂದು ಕೈಯಿಂದ ಬಲೆಯನ್ನೂ ಬಿಡುತ್ತಾರೆ. ಕಾಟ್ಲಾ, ರೋಹು ಬಿದ್ದರೆ ಅಂದಿನ ದುಡಿಮೆ ದಕ್ಕಿತು. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದು ಹೊಳೆ ಏರುವ ಮೊದಲು ತೇಪೆ, ಡಾಂಬರು, ಬಲೆಯ ದುರಸ್ತಿ ಎಲ್ಲ ಮುಗಿಯಬೇಕು.