ಕಾಳಿಗೆ ಭೂಮಿ, ಬ್ರೂನೋಗೆ ಚಕ್ಕುಲಿ

ಬೆಂಗಳೂರಿಗೆ ಟಿಕೆಟ್ ಆಗಸ್ಟಿನಲ್ಲೇ ಬುಕ್ ಆಗಿರುತ್ತದೆ. ನಾಯಿಯ ನೆನಪಾಗುವುದು ಡಿಸೆಂಬರಿನಲ್ಲಿ. ಶಾಲೆಗಳಿಗೆ ಬೇಸಿಗೆ ರಜೆ ಬಿಡುವ ಹೊತ್ತಿಗೆ ಆಸ್ಟ್ರೇಲಿಯಾದ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ನಮ್ಮವರ ಮನೆಗಳಿಂದ ಒಂದೇ ಬಗೆಯ ಫೋನು ಶುರುವಾಗುತ್ತದೆ: “ಮೂರು ವಾರ ಬ್ರೂನೋನ ನೋಡ್ಕೊಳ್ಳೋಕೆ ಯಾರಾದ್ರೂ ಸ್ಟೂಡೆಂಟ್ ಹುಡುಗ್ರು ಇದ್ರೆ ಹೇಳಿ. ಮನೇಲೇ ಇರಬಹುದು, ಫ್ರಿಜ್ ತುಂಬಾ ಊಟ ಇಟ್ಟು ಹೋಗ್ತೀವಿ.” ಎಷ್ಟು ಕೊಡ್ತೀರಿ ಅಂತ ಕೇಳಿದರೆ ಆ ಕಡೆ ಗಂಟಲು ಸರಿಮಾಡಿಕೊಳ್ಳುವ ಸದ್ದು. “ಬರುವಾಗ ಏನಾದ್ರೂ ತರ್ತೀವಿ ಬಿಡಿ.” ಏನಾದರೂ ಅಂದರೆ ಚಕ್ಕುಲಿ, ಕೋಡುಬಳೆ, ಪ್ರೀತಿ ಉಕ್ಕಿದರೆ ಒಂದು ಟೀ ಶರ್ಟು.

ನಾಯಿಯನ್ನು ಜೊತೆಗೆ ಕರೆದೊಯ್ಯುವ ಮಾತಂತೂ ಇಲ್ಲ. ಭಾರತಕ್ಕೆ ಹೋದ ನಾಯಿ ಅಲ್ಲಿಂದ ನೇರವಾಗಿ ಆಸ್ಟ್ರೇಲಿಯಾಕ್ಕೆ ಮರಳುವಂತಿಲ್ಲ. ರೇಬಿಸ್ ಇಲ್ಲದ ದೇಶ ಇದು, ಕಾವಲು ಬಿಗಿ. 2015ರಲ್ಲಿ ಹಾಲಿವುಡ್‌ನ ಜಾನಿ ಡೆಪ್ ತನ್ನ ಎರಡು ಪುಟ್ಟ ನಾಯಿಗಳನ್ನು ಖಾಸಗಿ ವಿಮಾನದಲ್ಲಿ ಗೋಲ್ಡ್ ಕೋಸ್ಟ್‌ಗೆ ತಂದಾಗ ಕೃಷಿ ಸಚಿವರೇ ಗುಡುಗಿದ್ದರು. ಹಾಗಾಗಿ ಬ್ರೂನೋ ಇಲ್ಲೇ, ನಮ್ಮ ಕ್ವೀನ್ಸ್‌ಲ್ಯಾಂಡಿನ ಬೇಸಿಗೆಯಲ್ಲೇ ಇರಬೇಕು. ಬೇಸಿಗೆಯೆಂದರೆ ಇಲ್ಲಿ ಬಿಸಿಲಷ್ಟೇ ಅಲ್ಲ.

ಪ್ಯಾರಾಲಿಸಿಸ್ ಟಿಕ್ ಎಂಬ ಉಣ್ಣೆ ಇದೆ. ಊರಲ್ಲಿ ಎಮ್ಮೆಯ ಮೈಮೇಲೆ ಕಂಡ ಉಣ್ಣೆಯಂತೆ ಕಿತ್ತು ಎಸೆದರೆ ಮುಗಿಯಿತು ಎನ್ನುವ ಜಾತಿಯಲ್ಲ. ಇದರ ಜೊಲ್ಲಿನ ವಿಷ ನಾಯಿಯ ನರಗಳನ್ನೇ ಹಿಡಿಯುತ್ತದೆ. ಮೊದಲು ಬೊಗಳುವ ದನಿ ಬದಲಾಗುತ್ತದೆ, ಆಮೇಲೆ ಹಿಂಗಾಲು ತೂರಾಡುತ್ತವೆ, ಕೊನೆಗೆ ಉಸಿರಾಟಕ್ಕೇ ಸಂಚಕಾರ. ಉಣ್ಣೆ ತಡೆಯುವ ಮಾತ್ರೆ ಕೊಟ್ಟಿದ್ದರೂ ದಿನಕ್ಕೊಮ್ಮೆ ಹುಡುಕಲೇಬೇಕು, ಅದೂ ಕಣ್ಣಿಗಿಂತ ಹೆಚ್ಚಾಗಿ ಬೆರಳಿನಿಂದ. ಮೂಗಿನ ತುದಿಯಿಂದ ಶುರುಮಾಡಿ, ತುಟಿ ಎತ್ತಿ ನೋಡಿ, ಕಿವಿಯ ಮಡಿಕೆ, ಕತ್ತುಪಟ್ಟಿಯ ಕೆಳಗೆ, ಕಂಕುಳು, ಕಾಲ್ಬೆರಳ ಸಂದಿ, ಬಾಲದ ಬುಡ, ಹೀಗೆ ಕೂದಲನ್ನು ಎದುರು ದಿಕ್ಕಿಗೆ ಸವರುತ್ತ ಹೋದರೆ ಎಲ್ಲೋ ಒಂದು ಕಡೆ ಮೆಣಸಿನಕಾಳಿನಷ್ಟು ಗಂಟು ಸಿಕ್ಕುತ್ತದೆ. ಸರಿಯಾಗಿ ಮಾಡಿದರೆ ಹದಿನೈದು ನಿಮಿಷದ ಕೆಲಸ. ಸಾಲದೆಂಬಂತೆ ಸಂಜೆಯ ಮೇಲೆ ಕೇನ್ ಟೋಡ್ ಎಂಬ ವಿಷದ ಕಪ್ಪೆ ಬಂದು ಹಿತ್ತಲಿನ ನೀರಿನ ಬಟ್ಟಲಲ್ಲಿ ಕೂರುತ್ತದೆ. ನಾಯಿ ಬಾಯಿ ಹಾಕಿತೋ, ತಕ್ಷಣ ಒದ್ದೆ ಬಟ್ಟೆಯಿಂದ ಒಸಡು, ನಾಲಿಗೆ ಒರೆಸಿ ವೆಟ್ ಹತ್ತಿರ ಓಡಬೇಕು. ಮಧ್ಯಾಹ್ನದ ಗುಡುಗಿಗೆ ಬೇಲಿ ಹಾರಿ ಹೋಗುವ ನಾಯಿಗಳ ಕಥೆಯೇ ಬೇರೆ.

ಇನ್ನು ಗಡಿಯಾರ. ಇಲ್ಲಿ ಡಿಸೆಂಬರಿನಲ್ಲಿ ಬೆಳಿಗ್ಗೆ ಐದಕ್ಕೆ ಮುಂಚೆಯೇ ಸೂರ್ಯ ಹುಟ್ಟುತ್ತಾನೆ. ರಸ್ತೆ ಕಾಯುವ ಮೊದಲೇ ಕೆರೆಯ ಸುತ್ತ ವಾಕಿಂಗ್ ಮುಗಿಸಬೇಕು. ನಮ್ಮ ಐದು ಗಂಟೆ ಎಂದರೆ ಬೆಂಗಳೂರಿನಲ್ಲಿ ನಡುರಾತ್ರಿ ಹನ್ನೆರಡೂವರೆ. ಹಿಂಗಾಲು ತೂರಾಡುವುದನ್ನು ಹುಡುಗ ಕಂಡದ್ದು ಆಗ ಎಂದಿಟ್ಟುಕೊಳ್ಳಿ. ಬಸವನಗುಡಿಯಲ್ಲಿ ಮದುವೆ ಊಟ ಉಂಡು ಮಲಗಿದ ಯಜಮಾನರು ಫೋನು ಎತ್ತುವುದಿಲ್ಲ. ಆಸ್ಪತ್ರೆಗೆ ಒಯ್ಯಬೇಕೆ, ಸಾವಿರಾರು ಡಾಲರಿನ ಚಿಕಿತ್ಸೆಗೆ ಹೂಂ ಅನ್ನಬೇಕೆ? ತೀರ್ಮಾನ ಆ ಇಪ್ಪತ್ತೆರಡರ ಹುಡುಗನದ್ದು. ನಾವು ದುಡ್ಡು ಕೊಡಬೇಕಾದದ್ದು ಇದಕ್ಕೆ. ತಟ್ಟೆಗೆ ಕಾಳು ಸುರಿಯಲು ಯಂತ್ರವೂ ಸಾಕು.

ನಮ್ಮ ಹಿರಿಯರಿಗೆ ಈ ಲೆಕ್ಕ ಗೊತ್ತಿತ್ತು. ಮದ್ದೂರು ಸೀಮೆಯ ಆತಕೂರಿನ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ, ಕಾಲ ಕ್ರಿ.ಶ. 949-50. ಗಂಗರ ಬೂತುಗನ ವೀರ ಮಣಲೇರ ಬಹುಮಾನವಾಗಿ ಏನು ಬೇಕೆಂದು ಕೇಳಿದ ದೊರೆಯಿಂದ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ಬೇಳತೂರಿನ ಗುಡ್ಡದ ಬಳಿ ದೊಡ್ಡ ಹಂದಿಯೊಡನೆ ಸೆಣಸಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಕಲ್ಲು ನಿಲ್ಲಿಸಿದ್ದಷ್ಟೇ ಅಲ್ಲ, ಅದರ ಪೂಜೆಗೆ ಭೂಮಿ ಬಿಟ್ಟರು. ಭೂಮಿ ಅನುಭವಿಸುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಎಂದೂ ಕೆತ್ತಿಸಿದರು. ಕೆಲಸ ಇಂಥದ್ದು, ಪ್ರತಿಫಲ ಇಂಥದ್ದು, ತಪ್ಪಿದರೆ ಇಂಥದ್ದು. ಸತ್ತ ನಾಯಿಯ ಕಲ್ಲನ್ನು ನೋಡಿಕೊಳ್ಳುವುದಕ್ಕೇ ಇಷ್ಟು ಕರಾರು! ಬದುಕಿರುವ ಬ್ರೂನೋಗೆ ವಾಟ್ಸ್ಯಾಪಿನಲ್ಲಿ ಒಂದು ಸಾಲೂ ಇಲ್ಲ.

ಸರಿ, ಎಷ್ಟು? 2025ರ ಜುಲೈ 1ರಂದು ಜಾರಿಗೆ ಬಂದ ಈ ದೇಶದ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್, ಕ್ಯಾಶುಯಲ್ ಕೆಲಸಕ್ಕೆ ಶೇಕಡಾ 25 ಸೇರಿಸಿದರೆ 31ರ ಆಸುಪಾಸು. ಅರ್ಧ ಗಂಟೆ ಬಂದು ಹೋಗುವವನಿಗೂ ನಾನು ಕೊಡುವುದು ಒಂದು ಗಂಟೆಯದ್ದೇ, ಏಕೆಂದರೆ ಬರುವ ಹೋಗುವ ಹೊತ್ತು ಅವನದ್ದು, ಪೆಟ್ರೋಲೂ ಅವನದ್ದು. ರಾತ್ರಿ ಉಳಿದು ಎರಡು ಹೊತ್ತು ವಾಕಿಂಗ್ ಮಾಡಿಸುವವನಿಗೆ 80 ಡಾಲರ್ ನನ್ನ ಮಟ್ಟಿಗೆ ಮರ್ಯಾದೆಯ ಮೊತ್ತ. ಎರಡನೇ ನಾಯಿಗೆ ಅರ್ಧದಷ್ಟು ಹೆಚ್ಚು. ಕ್ರಿಸ್‌ಮಸ್, ಬಾಕ್ಸಿಂಗ್ ಡೇ, ಹೊಸ ವರ್ಷದ ದಿನ ದುಪ್ಪಟ್ಟು. ಮೂರು ವಾರ ಒಂದು ನಾಯಿಗೆ 1,920 ಡಾಲರ್ ಆಗುತ್ತದೆ. ಎದೆ ಧಸಕ್ಕೆಂದರೆ ನಾಲ್ವರ ವಿಮಾನದ ಟಿಕೆಟ್ಟನ್ನು ಪಕ್ಕದಲ್ಲಿಟ್ಟು ನೋಡಿ.

“ಮೂರು ವಾರ ಬಾಡಿಗೆ ಇಲ್ಲದೆ ಇರ್ತಾನಲ್ಲ” ಎನ್ನುವ ವಾದ ನನಗೆ ಹಿಡಿಸುವುದಿಲ್ಲ. ಯೂನಿವರ್ಸಿಟಿಯ ಹತ್ತಿರ ಅವನ ರೂಮಿನ ಬಾಡಿಗೆ ನಿಂತಿರುವುದಿಲ್ಲ. ಅಲ್ಲೂ ಕಟ್ಟುತ್ತ ನಿಮ್ಮ ಮನೆ ಕಾಯುತ್ತಾನೆ. ದುಡ್ಡಿನ ಮಾತು ತೆಗೆದರೆ “ಅಯ್ಯೋ ಬೇಡಿ ಆಂಟಿ” ಅನ್ನುತ್ತಾನೆ, ನಿಜ. ಅದು ಅವನ ಅಮ್ಮ ಕಲಿಸಿದ ಮರ್ಯಾದೆ, ನಿಮಗೆ ಕೊಟ್ಟ ರಸೀದಿ ಅಲ್ಲ. ಸ್ಟೂಡೆಂಟ್ ವೀಸಾದವರಿಗೆ ಹದಿನಾಲ್ಕು ದಿನಕ್ಕೆ 48 ಗಂಟೆಯ ಮಿತಿ ಇದ್ದರೂ ಕೋರ್ಸಿನ ರಜೆಯಲ್ಲಿ ಅದು ಅನ್ವಯಿಸುವುದಿಲ್ಲ. ಡಿಸೆಂಬರಿನ ಕೆಲಸಕ್ಕೆ ಆ ನೆಪವೂ ಇಲ್ಲ.

ಆಳನ್ನು ಆರಿಸುವುದರಲ್ಲಿ ನನ್ನದೊಂದು ಹಟ. ಬಂದವನೇ ಮಂಡಿಯೂರಿ ನಾಯಿಯನ್ನು ಮುದ್ದಾಡುವವನನ್ನು ನಾನು ಬೇಗ ಒಪ್ಪುವುದಿಲ್ಲ. ಯಾವ ವೆಟ್, ಉಣ್ಣೆ ಮಾತ್ರೆ ಕೊಟ್ಟದ್ದು ಯಾವಾಗ, ಗುಡುಗಿದರೆ ಎಲ್ಲಿ ಅಡಗುತ್ತದೆ ಎಂದು ಕೇಳುವವನು ಸಿಕ್ಕರೆ ಇನ್ನೂ ಹತ್ತು ಡಾಲರ್ ಜಾಸ್ತಿ ಕೊಟ್ಟಾದರೂ ಹಿಡಿದುಕೊಳ್ಳುತ್ತೇನೆ. ಬೆಕ್ಕಿನ ಮನೆಗಾದರೆ ಈ ಪರೀಕ್ಷೆ ಇನ್ನೂ ಬಿಗಿ: ಬೆಕ್ಕು ಉಪವಾಸ ಬಿದ್ದರೆ ಹೇಳಿಕೊಳ್ಳುವುದಿಲ್ಲ, ಮಂಚದ ಕೆಳಗೆ ಬಗ್ಗಿ ನೋಡುವವನೇ ಬೇಕು.

ಹೊರಡುವ ಮುಂಚೆ ಒಂದು ರಾತ್ರಿ ಅವನನ್ನು ಮನೆಯಲ್ಲಿ ಉಳಿಸಿಕೊಳ್ಳಿ, ಆ ರಾತ್ರಿಗೂ ದುಡ್ಡು ಕೊಡಿ. ವೆಟ್ ಕ್ಲಿನಿಕ್ಕಿಗೆ ಹೋಗಿ ಅವನ ಹೆಸರು ಬರೆಸಿ, ಕೇಳದೆ ಎಷ್ಟು ಡಾಲರಿನವರೆಗೆ ಖರ್ಚು ಮಾಡಬಹುದೆಂದು ಹೇಳಿ. ಅರ್ಧ ಹಣ ಹೊರಡುವ ಹಿಂದಿನ ದಿನ, ಇನ್ನರ್ಧ ಮರಳಿದ ದಿನವೇ, ಸೂಟ್‌ಕೇಸ್ ಬಿಚ್ಚುವ ಮೊದಲು. ಚಕ್ಕುಲಿ ಬೇಕಾದರೆ ಆಮೇಲೆ ಕೊಡಿ.